ಅಕ್ಷರ ಮಿದುಳಿಗೆ ಇಳಿಯುವ ಬಗೆ

ಹುನಗುಂದ ಸೀಮೆಯ ಮರೋಳದಲ್ಲಿ ಕ್ರಿ.ಶ. 1024ರ ಒಂದು ಶಾಸನ ದೊರೆತಿದೆ. ಕಲ್ಯಾಣ ಚಾಲುಕ್ಯರ ದೊರೆ ಜಯಸಿಂಹನ ಆಳಿಕೆಯ ಕಾಲದ ಆ ಕಲ್ಲಿನಲ್ಲಿ ಅನಂತವೀರ್ಯನೆಂಬ ಜೈನ ಆಚಾರ್ಯನ ಹೊಗಳಿಕೆ ಬರುತ್ತದೆ. ಹೊಗಳಿಕೆಯೆಂದರೆ ಅವನು ಗೆದ್ದ ಯುದ್ಧಗಳದ್ದಲ್ಲ, ಕಟ್ಟಿಸಿದ ಕೆರೆಗಳದ್ದೂ ಅಲ್ಲ. ವ್ಯಾಕರಣ, ನಿಘಂಟು, ಗಣಿತ, ಛಂದಸ್ಸು, ಅಲಂಕಾರ, ಕಾವ್ಯ ಎಂದು ಅವನು ಓದಿ ಅರಗಿಸಿಕೊಂಡ ವಿದ್ಯೆಗಳ ಉದ್ದನೆಯ ಪಟ್ಟಿ. ಸಾವಿರ ವರ್ಷಗಳ ಹಿಂದೆ ಒಬ್ಬ ಮನುಷ್ಯನ ಓದನ್ನೇ ಕಲ್ಲಿನಲ್ಲಿ ಕೊರೆದಿಡುವಷ್ಟು ದೊಡ್ಡ ಸಂಗತಿ ಎಂದು ಈ ನೆಲ ಭಾವಿಸಿತ್ತು. ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲಿನ ವಿದ್ಯೆಯೊಂದರ ಹೆಸರಿಲ್ಲ, ಇರಬೇಕಾಗಿಯೂ ಇಲ್ಲ. ಅದು ಅಕ್ಷರ ಕೂಡಿಸಿ ಓದುವ ವಿದ್ಯೆ. ಉಳಿದೆಲ್ಲ ವಿದ್ಯೆಗಳಿಗೂ ಬಾಗಿಲಾಗಿರುವ ಅದು ಒಳಗಿನಿಂದ ಹೇಗೆ ಕೆಲಸ ಮಾಡುತ್ತದೆ ಎಂಬುದು ಬಹಳ ಕಾಲ ಯಾರಿಗೂ ತಿಳಿದಿರಲಿಲ್ಲ.

ಮಾತು ಬೇರೆ, ಓದು ಬೇರೆ. ಮಾತನ್ನು ಮಗುವಿಗೆ ಯಾರೂ ಪಾಠ ಮಾಡಿ ಕಲಿಸುವುದಿಲ್ಲ. ಸುತ್ತ ಆಡುವವರಿದ್ದರೆ ಸಾಕು, ಐದು ವರ್ಷ ತುಂಬುವ ಹೊತ್ತಿಗೆ ವಿಭಕ್ತಿ, ಕಾಲ, ಲಿಂಗ, ವಚನಗಳನ್ನೆಲ್ಲ ತಪ್ಪಿಲ್ಲದೆ ಬಳಸಿ ಅದು ಜಗಳವಾಡುತ್ತದೆ, ಕಥೆ ಕಟ್ಟುತ್ತದೆ, ಸುಳ್ಳನ್ನೂ ಹೇಳುತ್ತದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡಿನ ಜನ ವಿಶೇಷವಾಗಿ ಓದದೆಯೂ ಕಾವ್ಯ ಕಟ್ಟುವುದರಲ್ಲಿ ಪರಿಣತರು ಎಂದು ಮೆಚ್ಚಿಕೊಂಡಿದೆ. ಆ ಮಾತು ನಾಡಿನ ಅಭಿಮಾನದ ಮಾತಷ್ಟೇ ಅಲ್ಲ, ಭಾಷಾವಿಜ್ಞಾನವೂ ಒಪ್ಪುವ ಮಾತು. ಓದದೆ ಕಾವ್ಯ ಕಟ್ಟಬಹುದು. ಆದರೆ ಕಲಿಸದೆ ಓದು ಬರುವುದಿಲ್ಲ. ಪುಸ್ತಕಗಳ ರಾಶಿಯ ನಡುವೆ ಬೆಳೆದ ಮಗುವೂ ಯಾರಾದರೂ ಕೈ ಹಿಡಿಯದಿದ್ದರೆ ಸಾಮಾನ್ಯವಾಗಿ ಓದುಗನಾಗುವುದಿಲ್ಲ.

ಇದಕ್ಕೆ ಕಾರಣ ಕಾಲದ ಲೆಕ್ಕದಲ್ಲಿದೆ. ಮನುಷ್ಯ ಮಾತನಾಡತೊಡಗಿ ಹತ್ತಾರು ಸಾವಿರ ವರ್ಷಗಳು, ಬಹುಶಃ ಅದಕ್ಕೂ ಬಹಳ ಹೆಚ್ಚು ಕಾಲ ಕಳೆದಿದೆ. ಬರವಣಿಗೆ ಹುಟ್ಟಿದ್ದು ಸುಮಾರು ಐದು ಸಾವಿರ ವರ್ಷಗಳ ಹಿಂದೆ, ಅದೂ ಮೆಸೊಪೊಟೇಮಿಯಾ, ಈಜಿಪ್ಟಿನಂಥ ಕೆಲವೇ ಕಡೆಗಳಲ್ಲಿ. ಮೊನ್ನೆ ಮೊನ್ನೆಯವರೆಗೂ ಜಗತ್ತಿನ ಬಹುಪಾಲು ಜನರಿಗೆ ಅಕ್ಷರದ ಸೋಂಕೇ ಇರಲಿಲ್ಲ. ಜೀವವಿಕಾಸವು ಓದಿಗೆಂದೇ ಮಿದುಳಿನಲ್ಲಿ ಒಂದು ಅಂಗವನ್ನು ರೂಪಿಸಲು ಈ ಅವಧಿ ಏನೇನೂ ಸಾಲದು. ಹುಟ್ಟುವ ಯಾವ ಮಗುವಿನ ಮಿದುಳಿನಲ್ಲೂ ಓದುವ ಅಂಗವಿಲ್ಲ. ಹಾಗಿದ್ದರೂ ಕೆಲವೇ ವರ್ಷಗಳಲ್ಲಿ ಅದು ತಯಾರಾಗುತ್ತದೆ, ಮತ್ತು ಯಾವ ಭಾಷೆಯ ಓದುಗರಲ್ಲಿ ಹುಡುಕಿದರೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಸಿಗುತ್ತದೆ.

ಆ ಜಾಗದ ಮೊದಲ ಸುಳಿವು ದೊರೆತದ್ದು ಪ್ಯಾರಿಸಿನಲ್ಲಿ. 1887ರ ಅಕ್ಟೋಬರಿನಲ್ಲಿ ಸುಶಿಕ್ಷಿತನೊಬ್ಬನಿಗೆ ಇದ್ದಕ್ಕಿದ್ದಂತೆ ಒಂದೇ ಒಂದು ಪದವನ್ನೂ ಓದಲಾಗದ ಸ್ಥಿತಿ ಬಂತು. ಕಣ್ಣು ಸರಿಯಾಗಿತ್ತು, ಮಾತು ಸರಿಯಾಗಿತ್ತು, ಎದುರಿನವರ ಮುಖ ಗುರುತಾಗುತ್ತಿತ್ತು, ಅಂಕಿಗಳೂ ತಿಳಿಯುತ್ತಿದ್ದವು. ಅವನು ಪತ್ರ ಬರೆಯಬಲ್ಲವನಾಗಿದ್ದ, ತಾನೇ ಬರೆದ ಪತ್ರವನ್ನು ಓದಲಾರದವನಾಗಿದ್ದ. ನರತಜ್ಞ ಜೂಲ್ಸ್ ಡೆಜೆರಿನ್ ಆತನನ್ನು ಸಾಯುವವರೆಗೂ ಗಮನಿಸಿ, 1892ರಲ್ಲಿ ಮಿದುಳನ್ನು ಪರೀಕ್ಷಿಸಿ, ಎಡಭಾಗದ ಹಿಂದಿನ ಪ್ರದೇಶಕ್ಕೆ ಪೆಟ್ಟಾಗಿರುವುದನ್ನು ವರದಿ ಮಾಡಿದ. ಇಂಥದ್ದೇ ಶುದ್ಧ ಓದುನಷ್ಟವನ್ನು ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲ ರೋಗಿಯೊಬ್ಬರಲ್ಲಿ ಗುರುತಿಸಿ ಪ್ರತಿಭಾ ಕಾರಂತ ಅವರು 1981ರಲ್ಲಿ ಅಂತಾರಾಷ್ಟ್ರೀಯ ನಿಯತಕಾಲಿಕೆಯೊಂದರಲ್ಲಿ ಬರೆದರು. ಕಾಗುಣಿತ, ಒತ್ತಕ್ಷರಗಳ ನಮ್ಮ ಲಿಪಿ ಮಿದುಳಿನಲ್ಲಿ ಹೇಗೆ ನೆಲೆಸಿರುತ್ತದೆ ಎಂದು ಕೇಳಿದ ಆರಂಭದ ಅಧ್ಯಯನಗಳಲ್ಲಿ ಅದೂ ಒಂದು.

ಬದುಕಿರುವವರ ಮಿದುಳನ್ನೇ ಕೆಲಸ ಮಾಡುತ್ತಿರುವಾಗ ನೋಡುವ ಉಪಕರಣಗಳು ಬಂದ ಮೇಲೆ ಜಾಗ ಇನ್ನಷ್ಟು ಖಚಿತವಾಯಿತು. ಫ್ರಾನ್ಸಿನ ಲಾರೆಂಟ್ ಕೊಹೆನ್, ಸ್ಟಾನಿಸ್ಲಾಸ್ ಡೆಹಾನ್ ಮತ್ತು ಅವರ ಸಂಗಡಿಗರು ಎಡಗಿವಿಯ ಹಿಂದೆ, ಮಿದುಳಿನ ತಳಭಾಗದ ಮಡಿಕೆಯೊಂದರಲ್ಲಿರುವ ಈ ಪುಟ್ಟ ಪ್ರದೇಶಕ್ಕೆ ಪದರೂಪ ವಲಯ ಎಂಬರ್ಥದ ಹೆಸರಿಟ್ಟರು. ಪರಿಚಿತ ಲಿಪಿಯ ಪದ ಕಂಡೊಡನೆ ಅದು ಚುರುಕಾಗುತ್ತದೆ. ಅಪರಿಚಿತ ಲಿಪಿ ಕಂಡರೆ ಅಷ್ಟಾಗಿ ಸ್ಪಂದಿಸುವುದಿಲ್ಲ. ಓದು ಬಾರದವರಲ್ಲಿ ಇದೇ ನರಕೋಶಗಳು ಮುಖಗಳನ್ನು, ವಸ್ತುಗಳನ್ನು, ಅವುಗಳ ಅಂಚು ಮೂಲೆಗಳನ್ನು ಗುರುತಿಸುವ ಕೆಲಸದಲ್ಲಿ ತೊಡಗಿರುತ್ತವೆ. ಓದು ಕಲಿಯುವುದೆಂದರೆ ಮೊದಲೇ ಇರುವ ಈ ನರಜಾಲವನ್ನು ಹೊಸ ಉದ್ಯೋಗಕ್ಕೆ ಹಚ್ಚುವುದು. ಡೆಹಾನ್ ಇದನ್ನು ನರಕೋಶಗಳ ಮರುಬಳಕೆ ಎನ್ನುತ್ತಾರೆ. 2010ರಲ್ಲಿ ಬ್ರೆಜಿಲ್ ಮತ್ತು ಪೋರ್ಚುಗಲ್ಲಿನ 63 ವಯಸ್ಕರನ್ನು ಪರೀಕ್ಷಿಸಿದ ಅವರ ತಂಡಕ್ಕೆ, ಅಕ್ಷರ ಕಲಿತವರಲ್ಲಿ ಈ ವಲಯದ ಜೊತೆಗೆ ಮಾತನ್ನು ಕೇಳಿಸಿಕೊಳ್ಳುವ ಪ್ರದೇಶಗಳ ಪ್ರತಿಕ್ರಿಯೆಯೂ ಗಾಢವಾಗಿರುವುದು ಕಂಡಿತು. ಅಕ್ಷರವು ಕಣ್ಣಿನ ದಾರಿಯನ್ನಷ್ಟೇ ಅಲ್ಲ, ಕಿವಿಯ ದಾರಿಯನ್ನೂ ತಿದ್ದುತ್ತದೆ ಎಂಬ ಈ ಸಂಗತಿ ಎಷ್ಟು ಸಲ ಯೋಚಿಸಿದರೂ ಬೆರಗು ತರುವಂಥದ್ದು.

ಮರುಬಳಕೆಯಾದ್ದರಿಂದ ಹಳೆಯ ಅಭ್ಯಾಸಗಳು ಅಡ್ಡ ಬರುತ್ತವೆ. ಎತ್ತು ಎಡಕ್ಕೆ ಮುಖ ಮಾಡಿ ನಿಂತರೂ ಬಲಕ್ಕೆ ಮುಖ ಮಾಡಿ ನಿಂತರೂ ಅದೇ ಎತ್ತು. ಹಾಗೆ ತಿಳಿಯುವುದೇ ಮಿದುಳಿನ ಜಾಣತನ. ಅಕ್ಷರಲೋಕದಲ್ಲಿ ಆ ಜಾಣತನ ತಪ್ಪಾಗುತ್ತದೆ, ಏಕೆಂದರೆ ಅಲ್ಲಿ ಮಗ್ಗುಲು ಬದಲಿಸಿದ ರೂಪ ಅದೇ ಅಕ್ಷರವಲ್ಲ. ಪಾಟಿಯ ಮೇಲೆ ಮೂರರ ಅಂಕಿಯನ್ನೋ ದಕಾರವನ್ನೋ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುವ ಐದಾರು ವರ್ಷದ ಮಗು ದಡ್ಡನಲ್ಲ, ಅಲಕ್ಷ್ಯದ್ದೂ ಅಲ್ಲ. ಲಕ್ಷಾಂತರ ವರ್ಷಗಳಿಂದ ಪಳಗಿದ ಒಂದು ಒಳ್ಳೆಯ ಅಭ್ಯಾಸವನ್ನು ಅದು ಅಕ್ಷರಗಳ ಮಟ್ಟಿಗೆ ಬಿಡಲು ಕಲಿಯುತ್ತಿದೆ. ಅದಕ್ಕೆ ಬೇಕಾದದ್ದು ಪೆಟ್ಟಲ್ಲ, ಇನ್ನಷ್ಟು ತಿದ್ದಿಸುವ ಕೈ.

ಕಣ್ಣಿನ ಕೆಲಸವೂ ನಾವು ಎಣಿಸಿದಂತಿಲ್ಲ. ಸಾಲಿನ ಮೇಲೆ ದೃಷ್ಟಿ ನುಣ್ಣಗೆ ಜಾರಿಕೊಂಡು ಹೋಗುತ್ತದೆ ಎಂದು ಅನಿಸಿದರೂ ನಿಜದಲ್ಲಿ ಅದು ಜಿಗಿಯುತ್ತ, ನಿಲ್ಲುತ್ತ, ಮತ್ತೆ ಜಿಗಿಯುತ್ತ ಸಾಗುತ್ತದೆ. ಫ್ರೆಂಚ್ ನೇತ್ರವೈದ್ಯ ಎಮಿಲ್ ಜಾವಾಲ್ 1879ರ ಸುಮಾರಿಗೆ ಬರೆದದ್ದು ಇದನ್ನೇ. ಒಂದೊಂದು ನಿಲುಗಡೆ ಸುಮಾರು ಕಾಲು ಸೆಕೆಂಡು. ಕಣ್ಣು ನಿಂತಾಗ ಸ್ಪಷ್ಟವಾಗಿ ಕಾಣುವುದು ಕೈ ಚಾಚಿ ಹಿಡಿದ ಹೆಬ್ಬೆರಳಿನ ಅಗಲದಷ್ಟು ಜಾಗ ಮಾತ್ರ. ಅಕ್ಷರದ ವಿವರಗಳನ್ನು ಹಿಡಿಯಬಲ್ಲದ್ದು ಅಕ್ಷಿಪಟಲದ ನಡುವಿನ ಆ ಸಣ್ಣ ಕುಳಿಯೊಂದೇ. ಪಳಗಿದ ಓದುಗನಿಗೆ ಆ ಕಾಲು ಸೆಕೆಂಡಿನಲ್ಲಿ ಒಂದು ಪದವೇ ದಕ್ಕುತ್ತದೆ. ಹೊಸ ಓದುಗನಿಗೆ ಒಂದು ಅಕ್ಷರ ದಕ್ಕುವುದೂ ಕಷ್ಟ. ಆಗ ತಾನೇ ಕೇಳಿದ್ದನ್ನೂ ಕಂಡದ್ದನ್ನೂ ಹಿಡಿದಿಟ್ಟುಕೊಳ್ಳುವ ಕಾರ್ಯಸ್ಮೃತಿಯ ಬಾಳಿಕೆ ಕೆಲವೇ ಸೆಕೆಂಡುಗಳಾದ್ದರಿಂದ, ಸಾಲಿನ ಕೊನೆಯ ಪದವನ್ನು ಕೂಡಿಸುವಷ್ಟರಲ್ಲಿ ಮೊದಲ ಪದ ಕೈಬಿಟ್ಟಿರುತ್ತದೆ. ತಪ್ಪಿಲ್ಲದೆ ಓದಿದ ಮಗು ಓದಿದ್ದರ ಅರ್ಥ ಹೇಳಲಾರದೆ ನಿಲ್ಲುವುದು ಇದರಿಂದ. ಓದಿನಲ್ಲಿ ವೇಗವೆಂಬುದು ಅಲಂಕಾರವಲ್ಲ, ಅರ್ಥಕ್ಕೆ ಜಾಗ ಮಾಡಿಕೊಡುವ ಅಗತ್ಯ.

ಇಷ್ಟು ಎಲ್ಲ ಭಾಷೆಗಳಿಗೂ ಸಲ್ಲುವ ಮಾತು. ಕನ್ನಡದ ಮಗುವಿನ ಮುಂದಿರುವ ಕೆಲಸಕ್ಕೆ ಅದರದೇ ಆದ ಅಳತೆಯಿದೆ, ಅದನ್ನು ಅಳೆದು ನೋಡದೆ ಶಾಲೆಗಳನ್ನೂ ಮಕ್ಕಳನ್ನೂ ತೂಗುವುದು ಅನ್ಯಾಯ.

ಇಂಗ್ಲಿಷಿನ ಮಗು ಕಲಿಯಬೇಕಾದ ಅಕ್ಷರಗಳು 26, ಆದರೆ ಅವುಗಳ ಉಚ್ಚಾರಕ್ಕೆ ನೆಚ್ಚಿಕೆಯಿಲ್ಲ. ಕನ್ನಡದಲ್ಲಿ ಬರೆದಂತೆ ಓದುವುದು ಬಹುಮಟ್ಟಿಗೆ ನಿಜ, ಆದರೆ ಕಲಿಯಬೇಕಾದ ರೂಪಗಳು ಬಹಳ. ವರ್ಣಮಾಲೆ 49. ಅದರಲ್ಲಿ 34 ವ್ಯಂಜನಗಳಿಗೂ ಕಾಗುಣಿತದ ಹದಿನೈದು ರೂಪಗಳೆಂದರೆ 510. ಅದರಾಚೆಗೆ ಒತ್ತಕ್ಷರಗಳು. ಒಂದೊಂದು ಅಕ್ಷರವೂ ಒಂದು ಪೂರ್ಣ ಉಚ್ಚಾರ, ಮತ್ತು ಅದರೊಳಗೆ ವ್ಯಂಜನ ಒಂದು ಕಡೆ, ಸ್ವರ ಇನ್ನೊಂದು ಕಡೆ, ಒತ್ತು ಕೆಳಗಡೆ ಕೂತಿರುತ್ತವೆ. ಮರೋಳ ಎಂಬ ಊರಿನ ಹೆಸರನ್ನೇ ನೋಡಬಹುದು. ಮೂರು ಅಕ್ಷರ, ಕಿವಿಗೆ ಸರಳ. ಆದರೆ ನಡುವಿನ ರೋಕಾರದಲ್ಲಿ ಓ ಎಂಬ ಒಂದೇ ಸ್ವರಕ್ಕಾಗಿ ರಕಾರದ ತಲೆಯ ಮೇಲೆ ಏತ್ವ, ಪಕ್ಕದಲ್ಲಿ ಸುರುಳಿ, ಅದರಾಚೆ ದೀರ್ಘದ ಗುರುತು ಹೀಗೆ ಮೂರು ಚಿಹ್ನೆಗಳು ಸುತ್ತುವರಿದಿವೆ. ಮೂರನ್ನೂ ಒಟ್ಟಿಗೆ ಕಂಡಾಗಲೇ ಓ. ಒಂದು ಕಣ್ತಪ್ಪಿದರೆ ರೊ, ಎರಡು ಕಣ್ತಪ್ಪಿದರೆ ರೆ. ಇದೇ ಸ್ವರ ಮಕಾರಕ್ಕೋ ಯಕಾರಕ್ಕೋ ಸೇರಿದರೆ ರೂಪ ಮತ್ತೆ ಬೇರೆ. ವಕಾರಕ್ಕೆ ಕೊಂಬು ಕೊಟ್ಟ ವು, ಮತ್ತು ಬರಿಯ ಮ, ಇವೆರಡರ ನಡುವಣ ಅಂತರ ಒಂದು ಗೆರೆ ಮೇಲೇರುವುದೋ ಕೆಳಗುಳಿಯುವುದೋ ಎಂಬಷ್ಟು. ದ, ಧ, ಥ, ಪ, ಷ, ಫ, ರ, ಠ. ಇವುಗಳನ್ನು ಬೇರ್ಪಡಿಸುವುದು ಒಂದು ಸೀಳು, ಒಂದು ಚುಕ್ಕೆ, ಒಂದು ಬಾಲ.

ಒತ್ತಕ್ಷರಗಳದ್ದು ಇನ್ನೂ ಸೂಕ್ಷ್ಮ. ಕೆಲವು ಒತ್ತುಗಳು ಮೂಲ ಅಕ್ಷರವನ್ನೇ ಹೋಲುತ್ತವೆ. ತ, ಮ, ಯ, ರಗಳ ಒತ್ತುಗಳಲ್ಲಿ ಮೂಲದ ಹೋಲಿಕೆ ಹುಡುಕಿದರೂ ಸಿಗುವುದು ಕಷ್ಟ. ಸೂರ್ಯ ಎಂಬುದರ ಎರಡನೆಯ ಅಕ್ಷರದಲ್ಲಿ ಬಾಯಿಗೆ ಮೊದಲು ಬರುವುದು ರ್, ಕಣ್ಣಿಗೆ ಅದು ಕಾಣುವುದು ಕೊನೆಯಲ್ಲಿ, ಯಕಾರದ ಪಕ್ಕದ ಅರ್ಕಾವೊತ್ತಾಗಿ. ಇಲ್ಲಿ ಒಂದು ಸಂಗತಿ ಗಮನಕ್ಕೆ ಬರಬೇಕು. ಬಸ್ಸಿನ ಬೋರ್ಡಿನ ಮೇಲಿನ ಬಾದಾಮಿ, ಹುನಗುಂದ, ಬಾಗಲಕೋಟೆ ಎಂಬ ಊರುಗಳನ್ನು ಒತ್ತಕ್ಷರ ಬಾರದ ಮಗುವೂ ಓದೀತು. ಆದರೆ ಅವ್ವ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜ, ರೊಟ್ಟಿ, ಪಲ್ಯ, ಬೆಲ್ಲ, ಎಣ್ಣೆ, ಎತ್ತು, ಇವುಗಳಲ್ಲಿ ಒಂದನ್ನೂ ಓದಲಾರದು. ಮಗುವಿನ ನಾಲಿಗೆಗೆ ಎಲ್ಲಕ್ಕಿಂತ ಮೊದಲು ಬಂದ ಪದಗಳೇ ಅದರ ಕಣ್ಣಿಗೆ ಎಲ್ಲಕ್ಕಿಂತ ತಡವಾಗಿ ದಕ್ಕುತ್ತವೆ. ಕನ್ನಡ ಕಲಿಸುವವರ ಮುಂದಿರುವ ನಿಜವಾದ ಇಕ್ಕಟ್ಟು ಇದು. ಸುಲಭದ ಅಕ್ಷರದಿಂದ ತೊಡಗಿದರೆ ಪದಗಳು ಮಗುವಿನ ಬದುಕಿನಿಂದ ದೂರದವು. ಬದುಕಿನ ಪದಗಳಿಂದ ತೊಡಗಿದರೆ ಅಕ್ಷರಗಳು ಕಠಿಣ.

ಹಳೆಯ ಶಾಲೆಗಳು ಈ ಇಕ್ಕಟ್ಟನ್ನು ಕಂಠಪಾಠದಿಂದ ದಾಟಲು ನೋಡಿದವು. ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ ಎಂಬ ಒಕ್ಕೊರಲಿನ ರಾಗ ಹಾದಿಯಲ್ಲಿ ಹೋಗುವವರಿಗೂ ಕೇಳಿಸುತ್ತಿತ್ತು. ಅದರಲ್ಲಿ ಅಡಗಿದ ತಿಳಿವು ಸಣ್ಣದಲ್ಲ: ಕಿ, ತಿ, ಮಿ ಎಲ್ಲದರಲ್ಲೂ ಇರುವ ಗುಡಿಸು ಒಂದೇ, ಅದು ತರುವ ಸ್ವರವೂ ಒಂದೇ ಎಂಬ ನಿಯಮವನ್ನು ಆ ರಾಗ ಕಿವಿಗೆ ಹಾಕುತ್ತದೆ. ಆದರೆ ರಾಗ ಬಂದ ಮಾತ್ರಕ್ಕೆ ಓದು ಬಂದಂತಲ್ಲ. ಇಡೀ ಸಾಲನ್ನು ಒಪ್ಪಿಸುವ ಮಗುವಿಗೆ ನಡುವಿನ ಒಂದು ಅಕ್ಷರವನ್ನಷ್ಟೇ ತೋರಿಸಿದರೆ, ಅದು ಮೊದಲಿನಿಂದ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಅಲ್ಲಿಗೆ ಬರಬೇಕಾಗುತ್ತದೆ. ಪದರೂಪ ವಲಯ ಪಳಗುವುದು ಬಾಯಿಯ ಅನುಕ್ರಮದಿಂದಲ್ಲ, ಕಣ್ಣು ಮತ್ತು ಧ್ವನಿ ಕ್ರಮ ತಪ್ಪಿಸಿ ಮತ್ತೆ ಮತ್ತೆ ಭೇಟಿಯಾಗುವುದರಿಂದ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರೇ ರೂಪಿಸಿ ಆರಂಭಿಸಿದ ನಲಿ-ಕಲಿ ಪದ್ಧತಿ, ಮುಂದೆ 2009ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ್ದು, ಅ, ಆ, ಇ, ಈ ಎಂಬ ಪಾರಂಪರಿಕ ಕ್ರಮವನ್ನೇ ಬಿಟ್ಟಿತು. ಅಲ್ಲಿ ಮೊದಲ ಮೆಟ್ಟಿಲಲ್ಲಿ ಬರುವ ಅಕ್ಷರಗಳು ರ, ಗ, ಸ, ದ, ಅ. ರೇಖೆಯಲ್ಲಿ ಸರಳ, ಬಳಕೆಯಲ್ಲಿ ಹೆಚ್ಚು. ಈ ಐದೇ ಅಕ್ಷರಗಳಿಂದ ಸರ, ರಸ, ದರ, ಅರಸ, ಗರಗಸ ಎಂಬ ಪದಗಳು ಹುಟ್ಟುತ್ತವೆ. ವರ್ಣಮಾಲೆಯ ಹೊಸ್ತಿಲಲ್ಲೇ ಮಗು ಪದವೊಂದನ್ನು ಓದಿ, ಓದೆಂದರೆ ಅರ್ಥ ಸಿಗುವ ಕೆಲಸ ಎಂದು ಕಂಡುಕೊಳ್ಳುತ್ತದೆ. ಈ ಪದ್ಧತಿಯನ್ನು ಟೀಕಿಸುವವರಿದ್ದಾರೆ, ಕಲಿಕಾ ಕಾರ್ಡುಗಳ ಗದ್ದಲದಲ್ಲಿ ಪುಸ್ತಕ ಮರೆಯಾಯಿತು ಎಂಬ ಅವರ ದೂರಿನಲ್ಲಿ ಹುರುಳೂ ಇರಬಹುದು. ಆದರೆ ಅಕ್ಷರಗಳ ಕ್ರಮದ ವಿಷಯದಲ್ಲಿ ನಲಿ-ಕಲಿ ಸರಿಯಾದ ದಾರಿಯನ್ನೇ ಹಿಡಿಯಿತು.

ಇಷ್ಟೊಂದು ಅಕ್ಷರರೂಪಗಳನ್ನು ಕಲಿಯುವ ಹೊರೆ ಎಷ್ಟು ವರ್ಷಗಳದ್ದು? ಕನ್ನಡ ಮಕ್ಕಳ ಓದನ್ನು ಹತ್ತಿರದಿಂದ ಅಧ್ಯಯನ ಮಾಡಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯ ತಿರುಳು ಹೀಗಿದೆ. ಇಂಗ್ಲಿಷ್ ಮಕ್ಕಳ ಅಕ್ಷರಜ್ಞಾನ ಒಂದೆರಡು ವರ್ಷಗಳಲ್ಲಿ ಮುಗಿಯುವ ಕೆಲಸವಾದರೆ, ಕನ್ನಡದ ಅಕ್ಷರಜ್ಞಾನ ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ. ಪದವನ್ನು ಉಚ್ಚಾರದ ತುಣುಕುಗಳಾಗಿ ಬಿಡಿಸುವುದು ನಮ್ಮ ಮಕ್ಕಳಿಗೆ ಬೇಗ ಬರುತ್ತದೆ, ಮರೋಳವನ್ನು ಮ, ರೋ, ಳ ಎಂದು ಚಪ್ಪಾಳೆ ತಟ್ಟಿ ಎಣಿಸಿ ಹೇಳುತ್ತವೆ. ಉಚ್ಚಾರದೊಳಗಿನ ಬಿಡಿ ಧ್ವನಿಗಳನ್ನು ಹೆಕ್ಕುವುದು, ಮರ ಎಂಬುದರಿಂದ ಮ್ ಎಂಬ ಧ್ವನಿಯಷ್ಟನ್ನು ತೆಗೆದರೆ ಉಳಿಯುವುದು ಅರ ಎಂದು ಹೇಳುವುದು, ಬಹಳ ನಿಧಾನವಾಗಿ ಬರುತ್ತದೆ. ಪೋರ್ಚುಗಲ್ಲಿನ ಅನಕ್ಷರಸ್ಥ ವಯಸ್ಕರಿಗೆ ಇಂಥ ಕೆಲಸ ಆಗುವುದಿಲ್ಲವೆಂದು ಜೋಸೆ ಮೊರೈಸ್ ಮತ್ತು ಸಂಗಡಿಗರು 1979ರಲ್ಲೇ ತೋರಿಸಿದ್ದರು. ಧ್ವನಿಗಳನ್ನು ಬಿಡಿಬಿಡಿಯಾಗಿ ಕೇಳುವ ಕಿವಿಯೂ ಅಕ್ಷರದ ಕೊಡುಗೆಯೇ.

ಅಕ್ಷರಜ್ಞಾನ ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಿದ್ದರೂ ನಮ್ಮ ವ್ಯವಸ್ಥೆಯಲ್ಲಿ ಅಕ್ಷರ ಕಲಿಸುವುದು ಒಂದು, ಎರಡನೆಯ ತರಗತಿಯ ಜವಾಬ್ದಾರಿ ಎಂಬ ನಂಬಿಕೆ ಗಟ್ಟಿಯಾಗಿದೆ. ಮೂರನೆಯ ತರಗತಿಗೆ ಬರುವಷ್ಟರಲ್ಲಿ ಪುಸ್ತಕ ದಪ್ಪಗಾಗುತ್ತದೆ, ಪಾಠ ಉದ್ದವಾಗುತ್ತದೆ, ಓದು ಬಂದೇ ಇದೆ ಎಂಬ ಲೆಕ್ಕದಲ್ಲಿ ಎಲ್ಲವೂ ಮುಂದೆ ಓಡುತ್ತದೆ. ಬಾಗಲಕೋಟೆಯ ಸೀಮೆಯಲ್ಲಿ ಅದರ ಪೆಟ್ಟು ಹೆಚ್ಚು. ಹಿಂಗಾರು ಕೈಕೊಟ್ಟ ವರ್ಷ ಕುಟುಂಬಗಳು ಗೋವಾಕ್ಕೋ ಮಂಗಳೂರಿಗೋ ದುಡಿಯಲು ಗುಳೆ ಹೋಗುತ್ತವೆ. ಜೊತೆಗೆ ಹೋದ ಮಕ್ಕಳು ಮರಳುವ ಹೊತ್ತಿಗೆ ತರಗತಿ ಒತ್ತಕ್ಷರ ಮುಗಿಸಿರುತ್ತದೆ. ಆ ಮಗುವಿನ ಪಾಲಿಗೆ ಅವ್ವ, ಅಪ್ಪ ಎಂಬ ಪದಗಳು ಪುಸ್ತಕದಲ್ಲಿ ಮುಚ್ಚಿದಂತೆಯೇ ಉಳಿಯುತ್ತವೆ. ಪ್ರಥಮ್ ಸಂಸ್ಥೆ 2005ರಿಂದ ದೇಶದ ಹಳ್ಳಿಗಳಲ್ಲಿ ನಡೆಸುತ್ತಿರುವ ಅಸರ್ ಸಮೀಕ್ಷೆಯ ಸಾಧನ ಒಂದೇ ಹಾಳೆ: ಕೆಲವು ಅಕ್ಷರ, ಕೆಲವು ಪದ, ಸಣ್ಣ ಪರಿಚ್ಛೇದ, ಒಂದು ಪುಟ್ಟ ಕಥೆ. ಯಾವ ಮಗು ಯಾವ ಮೆಟ್ಟಿಲಲ್ಲಿ ನಿಂತಿದೆ ಎಂದು ತಿಳಿಯಲು ಅಷ್ಟು ಸಾಕು. ನಾಲ್ಕನೆಯ, ಐದನೆಯ ತರಗತಿಯ ಶಿಕ್ಷಕರ ಕೈಯಲ್ಲೂ ಅಂಥ ಹಾಳೆಯೊಂದು ಇರಬೇಕು.

ಅಕ್ಷರ ಬಂದರೆ ಓದು ಮುಗಿಯಿತೇ ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ಉತ್ತರ ಬಾದಾಮಿಯ ತಟ್ಟುಕೋಟಿ ಬಳಿಯ ಬಂಡೆಯ ಮೇಲಿದೆ. ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನದಲ್ಲಿ ಕನ್ನಡದ ಅತ್ಯಂತ ಹಳೆಯ ತ್ರಿಪದಿಗಳಿವೆ. ಅಕ್ಷರಗಳ ರೂಪ ಈ ಹದಿಮೂರು ಶತಮಾನಗಳಲ್ಲಿ ಎಷ್ಟು ಬದಲಾಗಿದೆಯೆಂದರೆ, ಪದವಿ ಪಡೆದವರೂ ಆ ಬಂಡೆಯೆದುರು ಅನಕ್ಷರಸ್ಥರು. ಯಾರಾದರೂ ಓದಿ ಹೇಳಿದರೆ ತ್ರಿಪದಿಯ ನಡೆ ಒಡನೆಯೇ ಕಿವಿ ಹಿಡಿಯುತ್ತದೆ, ಕೆಲವು ಪದಗಳೂ ತಿಳಿಯುತ್ತವೆ. ಹಳಗನ್ನಡ ಬಾರದಿದ್ದರೆ ಪೂರ್ತಿ ಅರ್ಥ ದಕ್ಕದು. ಇತ್ತ ಲಿಪಿಯನ್ನು ಬಿಡಿಸುವ ವಿದ್ಯೆ, ಅತ್ತ ಭಾಷೆಯನ್ನು ಬಲ್ಲ ವಿದ್ಯೆ. ಎರಡೂ ಕೂಡಿದಾಗ ಓದು. ಈ ಭಾಗದ ಶಾಸನಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಓದಿ ಪ್ರಕಟಿಸಿದ ಜಾನ್ ಫೇತ್‌ಫುಲ್ ಫ್ಲೀಟ್ 1872ರಲ್ಲಿ ಮುಂಬಯಿ ಪ್ರಾಂತದ ದಕ್ಷಿಣ ವಿಭಾಗದ ಶಿಕ್ಷಣಾಧಿಕಾರಿಯಾಗಿದ್ದರು ಎಂಬುದು ಈ ಸಂದರ್ಭದಲ್ಲಿ ನೆನೆಯುವಂಥದ್ದು.

1986ರಲ್ಲಿ ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್ಮರ್ ಎಂಬ ಮನೋವಿಜ್ಞಾನಿಗಳು ಲಿಪಿ, ಭಾಷೆ ಎರಡೂ ಕೂಡಿದಾಗಲೇ ಓದು ಎಂಬುದನ್ನೇ ಒಂದು ಸೂತ್ರವಾಗಿ ಹೇಳಿದರು: ಓದಿ ಅರಿಯುವ ಶಕ್ತಿಯೆಂದರೆ ಲಿಪಿ ಬಿಡಿಸುವ ಶಕ್ತಿ ಮತ್ತು ಭಾಷೆಯನ್ನು ಅರಿಯುವ ಶಕ್ತಿ ಇವೆರಡರ ಗುಣಲಬ್ಧ. ಕೂಡಿಕೆಯಲ್ಲ, ಗುಣಾಕಾರ. ಎರಡರಲ್ಲಿ ಯಾವುದೊಂದು ಸೊನ್ನೆಯಾದರೂ ಫಲ ಸೊನ್ನೆ.

ಸೂತ್ರದ ಎರಡನೆಯ ಅಂಗಕ್ಕೆ ಬಾಗಲಕೋಟೆಯ ಹಳ್ಳಿಗಳಲ್ಲಿ ಒದಗುವ ಪರೀಕ್ಷೆ ಕಠಿಣವಾದದ್ದು. ಇಲ್ಲಿನ ಮಗುವಿನ ಬಾಯಲ್ಲಿ ಮನೆ ಎಂಬುದು ಮನಿ, ಶಾಲೆ ಎಂಬುದು ಸಾಲಿ, ಮೇಲೆ ಎಂಬುದು ಮ್ಯಾಲೆ, ಬೇಡ ಎಂಬುದು ಬ್ಯಾಡ. ಭ, ಧ, ಘಗಳ ಮಹಾಪ್ರಾಣ ಅದರ ಕಿವಿಗೆ ಮನೆಯಲ್ಲಿ ಬಿದ್ದದ್ದೇ ಇಲ್ಲ. ಕೇಳದ ಧ್ವನಿಗೆ ಅದು ಅಕ್ಷರ ಕಲಿಯಬೇಕು. ಪುಸ್ತಕದಲ್ಲಿ ಮನೆ ಎಂದಿರುವುದನ್ನು ಕಂಡು ಮಗು ಮನಿ ಎಂದು ಓದಿದರೆ ಅನೇಕ ತರಗತಿಗಳಲ್ಲಿ ಅದು ತಪ್ಪು. ಓದಿನ ವಿಜ್ಞಾನದ ಕಣ್ಣಿನಲ್ಲಿ ಅದು ಸರಿಯಾದ ಓದಿನ ಪುರಾವೆ. ಮ ಮತ್ತು ನೆ ಎಂಬ ಅಕ್ಷರಗಳನ್ನು ಗುರುತಿಸಿ, ಅವು ಸೂಚಿಸುವ ಪದವನ್ನು ತನ್ನ ನಿಘಂಟಿನಲ್ಲಿ ಹುಡುಕಿ ತೆಗೆದು, ತನ್ನ ನುಡಿಯಲ್ಲಿ ಆಡಿದೆ, ಇಷ್ಟೂ ಅರೆಕ್ಷಣದಲ್ಲಿ. ಬರಹದ ರೂಪವನ್ನು ಮುಂದೆ ನಿಧಾನವಾಗಿ ಕಲಿಸಬಹುದು. ಅರ್ಥ ಹಿಡಿದ ಮಗುವನ್ನು ಆ ಗಳಿಗೆಯಲ್ಲಿ ಗದರಿದರೆ ಅದು ಕಲಿಯುವ ಪಾಠ ಒಂದೇ, ಪುಸ್ತಕ ತನ್ನ ಭಾಷೆಯದ್ದಲ್ಲ ಎಂದು.

ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳ ದಾರಿ ಇನ್ನೂ ದೂರದ್ದು. ನೀರಿಗೆ ಪಾಣಿ, ರೊಟ್ಟಿಗೆ ಬಾಟಿ ಎನ್ನುವ ಮಗು ಕನ್ನಡ ಅಕ್ಷರಗಳನ್ನು ಚೊಕ್ಕವಾಗಿ ಓದಿಯೂ ಅರ್ಥದ ಬಾಗಿಲಲ್ಲಿ ನಿಂತುಬಿಡಬಹುದು. ಅಲ್ಲಿ ಬೇಕಾದದ್ದು ಹೆಚ್ಚು ಅಕ್ಷರಾಭ್ಯಾಸವಲ್ಲ. ಹೆಚ್ಚು ಮಾತು, ಹೆಚ್ಚು ಕಥೆ, ಎರಡೂ ಭಾಷೆಗಳಲ್ಲಿ.

ಸಾಹಿತ್ಯದ ಪ್ರವೇಶ ಇಲ್ಲಿಯೇ. ಕಥೆ, ಪದ್ಯಗಳನ್ನು ಓದು ಬಂದ ಮೇಲೆ ಸಿಗುವ ಬಹುಮಾನವೆಂದು ಶಾಲೆಗಳು ಎಣಿಸುತ್ತವೆ. ನಿಜದಲ್ಲಿ ಅವು ಓದಿನ ಅರ್ಧಾಂಗ. ಅಮೆರಿಕದ ಡೊನಾಲ್ಡ್ ಹೇಯ್ಸ್ ಮತ್ತು ಮಾರ್ಗರೆಟ್ ಆರೆನ್ಸ್ 1988ರಲ್ಲಿ ಇಂಗ್ಲಿಷಿನ ಮಾತು ಮತ್ತು ಬರಹಗಳಲ್ಲಿ ಬರುವ ಪದಗಳನ್ನು ಎಣಿಸಿ ನೋಡಿದಾಗ, ಕಾಲೇಜು ಓದಿದ ವಯಸ್ಕರ ದಿನನಿತ್ಯದ ಮಾತಿಗಿಂತ ಮಕ್ಕಳ ಪುಸ್ತಕಗಳಲ್ಲೇ ಅಪರೂಪದ ಪದಗಳ ಪ್ರಮಾಣ ಹೆಚ್ಚಿತ್ತು. ಮನೆಮಾತು ಎಷ್ಟೇ ಸಮೃದ್ಧವಾಗಿರಲಿ, ಎದುರಿಗಿರುವ ವಸ್ತುವಿನ ಸುತ್ತಲೇ ಅದು ಸುಳಿಯುತ್ತದೆ. ಎದುರಿಗಿಲ್ಲದ ಸಮುದ್ರ, ಎಂದೋ ಆಗಿಹೋದ ಅರಸ, ಇನ್ನೊಬ್ಬರ ಮನಸ್ಸಿನ ಸಂಕಟ, ಇವು ಬರುವುದು ಕಥೆಯಲ್ಲಿ. ಬರಹದ ಕನ್ನಡದ ವಾಕ್ಯ ಹೇಗೆ ಏರಿ ಹೇಗೆ ಇಳಿಯುತ್ತದೆ ಎಂಬುದು ಮಗುವಿನ ಕಿವಿಗೆ ಮೊದಲೇ ಬಿದ್ದಿದ್ದರೆ, ಕಣ್ಣು ಅದನ್ನು ಪುಟದ ಮೇಲೆ ಕಂಡಾಗ ಹಳೆಯ ಪರಿಚಯವಾಗುತ್ತದೆ. ಬಾಗಲಕೋಟೆಯೂ ಸೇರಿದ್ದ ಅವಿಭಜಿತ ವಿಜಾಪುರ ಜಿಲ್ಲೆ ಶಿಶು ಸಂಗಮೇಶ, ಕಂಚ್ಯಾಣಿ ಶರಣಪ್ಪ ಅವರಂಥ ಮಕ್ಕಳ ಕವಿಗಳನ್ನು ಕೊಟ್ಟ ನೆಲ. ಅವರ ಪದ್ಯಗಳ ಲಯದಲ್ಲಿ ಇಲ್ಲಿನ ಮಕ್ಕಳ ಉಸಿರಿದೆ. ಪರೀಕ್ಷೆಯ ಪ್ರಶ್ನೆಯಿಲ್ಲದೆ, ಸಾರಾಂಶ ಬರೆಯಿಸದೆ, ದಿನಕ್ಕೆ ಹತ್ತು ನಿಮಿಷ ಒಂದು ಕಥೆಯನ್ನೋ ಪದ್ಯವನ್ನೋ ಗಟ್ಟಿಯಾಗಿ ಓದಿ ಹೇಳುವ ಶಿಕ್ಷಕರು ಸಮಯ ಕಳೆಯುತ್ತಿಲ್ಲ, ಸೂತ್ರದ ಎರಡನೆಯ ಸಂಖ್ಯೆಯನ್ನು ದೊಡ್ಡದು ಮಾಡುತ್ತಿದ್ದಾರೆ.

ಅದಕ್ಕೆ ಪುಸ್ತಕ ಕೈಗೆಟುಕುವಂತಿರಬೇಕು. ಶಾಲೆಗಳು ಮುಚ್ಚಿದ್ದ 2020ರಲ್ಲಿ ಕರ್ನಾಟಕ ಸರ್ಕಾರ ‘ಓದುವ ಬೆಳಕು’ ಎಂಬ ಅಭಿಯಾನದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಆ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರವೆಂಬ ಹೆಸರಿದೆ. ಇತ್ತೀಚಿನ ಸರ್ಕಾರಿ ಯೋಜನೆಗಳಲ್ಲಿ ಇಷ್ಟು ಸರಳವೂ ಇಷ್ಟು ಸರಿಯೂ ಆದದ್ದು ಕಡಿಮೆ. ಕಪಾಟಿಗೆ ಬೀಗ ಹಾಕಿಟ್ಟ ಪುಸ್ತಕ ಮಾತ್ರ ಯಾವ ಮಿದುಳನ್ನೂ ತಲುಪದು.

ಇನ್ನು ಉಳಿದದ್ದು ತಾಯಂದಿರ ಮಾತು. 1931ರಲ್ಲಿ ಜನಪದ ಹಾಡುಗಳನ್ನು ಸಂಗ್ರಹಿಸುತ್ತಿದ್ದ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಎಂಬ ಸಂಕಲನ ತಂದಾಗ, ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳು ಮೊದಲ ಬಾರಿಗೆ ಪುಸ್ತಕವಾಗಿ ನಾಡಿನ ಕಣ್ಣಿಗೆ ಬಿದ್ದವು. ಅರಭಟ್ಟನ ಬಂಡೆಯ ಮೇಲಿನ ಛಂದಸ್ಸೇ ಅದು, ಶತಮಾನಗಳ ಕಾಲ ಬಾಯಿಂದ ಬಾಯಿಗೆ ಹರಿದು ಬಂದದ್ದು. ಹಾಡಿದವರಲ್ಲಿ ಬಹುತೇಕರಿಗೆ ಓದು ಬರುತ್ತಿರಲಿಲ್ಲ, ತಮ್ಮದೇ ಹಾಡು ಅಚ್ಚಾದ ಪುಟವನ್ನು ಅವರು ಓದಲಾರದವರಾಗಿದ್ದರು. ಗುಣಾಕಾರದ ಒಂದು ಸಂಖ್ಯೆ ಅಷ್ಟು ದೊಡ್ಡದಿದ್ದೂ ಇನ್ನೊಂದು ಸೊನ್ನೆಯಾಗಿತ್ತು. ಆ ಸೊನ್ನೆ ಇನ್ನೂ ಪೂರ್ತಿ ಅಳಿದಿಲ್ಲ: 2011ರ ಜನಗಣತಿಯಲ್ಲಿ ಬಾಗಲಕೋಟೆ ಜಿಲ್ಲೆಯ ಸಾಕ್ಷರತೆ ಶೇ. 68.8, ಹೆಣ್ಣುಮಕ್ಕಳದ್ದು ಶೇ. 58.4, ರಾಜ್ಯದ ಸರಾಸರಿ ಶೇ. 75.4.

ವಯಸ್ಸು ಮೀರಿದ ಮೇಲೆ ಅಕ್ಷರ ಹತ್ತುವುದಿಲ್ಲ ಎಂಬ ಮಾತು ಹಳ್ಳಿಗಳಲ್ಲಿ ಸಾಮಾನ್ಯ. ಲಖನೌ ಬಳಿಯ ಹಳ್ಳಿಗಳಲ್ಲಿ ಅನಕ್ಷರಸ್ಥ ವಯಸ್ಕರಿಗೆ, ಅವರಲ್ಲಿ ಹೆಚ್ಚಿನವರು ಮೂವತ್ತರ ಆಸುಪಾಸಿನ ಹೆಣ್ಣುಮಕ್ಕಳು, ಆರು ತಿಂಗಳು ದೇವನಾಗರಿ ಓದು ಕಲಿಸಿ, ಕಲಿಯುವ ಮೊದಲೂ ಕಲಿತ ನಂತರವೂ ಮಿದುಳಿನ ಚಿತ್ರ ತೆಗೆದ ಸಂಶೋಧನೆಯೊಂದು 2017ರಲ್ಲಿ ಪ್ರಕಟವಾಯಿತು. ಅವರು ಒಂದನೆಯ ತರಗತಿಯ ಮಟ್ಟದ ಓದನ್ನು ಗಳಿಸಿದ್ದರು. ಬದಲಾವಣೆ ಕಂಡದ್ದು ಮಿದುಳಿನ ಹೊರಪದರದಲ್ಲಷ್ಟೇ ಅಲ್ಲ. ದೃಷ್ಟಿಯನ್ನು ನಿರ್ದೇಶಿಸುವ ಆಳದ, ಬಹಳ ಪ್ರಾಚೀನವಾದ ಭಾಗಗಳಿಗೂ ದೃಷ್ಟಿಪ್ರದೇಶಕ್ಕೂ ನಡುವಿನ ಹೊಂದಾಣಿಕೆಯೇ ಬಿಗಿಯಾಗಿತ್ತು. ದೇವನಾಗರಿಯೂ ಕನ್ನಡದಂತೆ ಕಾಗುಣಿತ, ಕೂಡಕ್ಷರಗಳ ಲಿಪಿ. ಮೂವತ್ತರಲ್ಲಿ ಮಿದುಳು ತಯಾರಿದೆ ಎಂದಮೇಲೆ ಅಕ್ಷರ ಹತ್ತದಿರುವುದಕ್ಕೆ ಕಾರಣವನ್ನು ಬೇರೆಡೆ ಹುಡುಕಬೇಕು: ಹೊಲದ ಕೆಲಸ, ಮನೆಗೆಲಸ ಮುಗಿದ ಮೇಲೆ ಸಂಜೆ ಒಂದು ತಾಸು ಅರಿವು ಕೇಂದ್ರದ ಬಾಗಿಲು ತೆರೆದಿರುವುದಿಲ್ಲ, ತೆರೆದಿದ್ದರೂ ಅಲ್ಲಿ ಕಲಿಸುವವರಿರುವುದಿಲ್ಲ. ಈ ಎರಡನ್ನು ಒದಗಿಸುವುದು ಪಂಚಾಯಿತಿಯ ಕೈಯಲ್ಲಿರುವ ಕೆಲಸ.